ಅಕ್ಕ-ಭಾವ ಬೆಟ್ಟದ ತುದಿಯಲ್ಲಿ ಟೆಂಟ್ ಹಾಕುವುದಿಲ್ಲ, ಯಾಕೆ?

ಬೆಟ್ಟದ ತುದಿಯಲ್ಲಿ ಟೆಂಟ್, ಪಕ್ಕದಲ್ಲಿ ಬೆಂಕಿ, ಮೇಲೆ ನಕ್ಷತ್ರ: ಇಂಥ ರೀಲ್ಸ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಪರೀಕ್ಷೆ ಮುಗಿದ ಮೇಲೆ ನಾವೂ ಹೋಗೋಣ ಎಂಬ ಮಾತು ನಮ್ಮ ತರಗತಿಯಲ್ಲೂ ಎದ್ದಿದೆ. ನನ್ನ ಅಕ್ಕ ಮತ್ತು ಭಾವ ಮದುವೆಯಾದಂದಿನಿಂದ ವರ್ಷಕ್ಕೆ ಎರಡು ಮೂರು ಸಲ ಚಾರಣಕ್ಕೆ ಹೋಗುವವರು. ಹೆಚ್ಚಾಗಿ ಹೋಗುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ. ಅವರ ಬಳಿ ಒಳ್ಳೆಯ ಟೆಂಟ್ ಇದೆ. ಆದರೆ ಒಮ್ಮೆಯೂ ಅದನ್ನು ಬೆಟ್ಟದ ಮೇಲೆ ಹಾಕಿಲ್ಲ. ಅದಕ್ಕೆ ಕಾರಣವೇನು, ಅವರು ಚಾರಣಕ್ಕೆ ತಯಾರಾಗುವುದು ಹೇಗೆ ಎಂಬುದನ್ನು ಕಳೆದ ಅಕ್ಟೋಬರ್ ರಜೆಯಲ್ಲಿ ಅವರ ಜೊತೆ ಹೋಗಿ ನೋಡಿದೆ. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ?

ಹೆಸರಿನಲ್ಲಿ ‘ಉದ್ಯಾನ’ ಎಂದಿದ್ದರೂ ರಾಷ್ಟ್ರೀಯ ಉದ್ಯಾನ ಕದ್ರಿ ಪಾರ್ಕಿನಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಅದರೊಳಗೆ ಹೋಗುವುದೂ ಬೆಂಕಿ ಹಚ್ಚುವುದೂ ಅಪರಾಧ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಚಾರಣಕ್ಕೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಚಿತವಾಗಿ ಅನುಮತಿ ಪಡೆಯಬೇಕು. ಬೆಳಿಗ್ಗೆ ಹತ್ತಿದವರು ಸಂಜೆಯೊಳಗೆ ಇಳಿಯಲೇಬೇಕು. ಮೇಲೆ ರಾತ್ರಿ ಉಳಿಯುವಂತಿಲ್ಲ.

“ಇಷ್ಟು ದೂರ ಬಂದು ಒಂದು ರಾತ್ರಿ ಇಲ್ಲಿ ಮಲಗಲು ಬಿಡದಿದ್ದರೆ ಹೇಗೆ?” ಎಂದು ಮೊದಮೊದಲು ಅಕ್ಕನಿಗೂ ಬೇಸರವಿತ್ತಂತೆ. ಆ ಬೇಸರ ಹೋದದ್ದು ದಂಡದ ಭಯದಿಂದಲ್ಲ, ಬೆಟ್ಟದ ಕೆಲಸ ಏನೆಂದು ತಿಳಿದ ಮೇಲೆ.

ಹುಲ್ಲು ಮಾಡುವ ಕೆಲಸ

ಕುದುರೆಮುಖದ ನೆತ್ತಿಯಲ್ಲಿ ಮರಗಳಿಲ್ಲ, ಬರೀ ಹುಲ್ಲು. ಮರಗಳಿರುವುದು ಬೆಟ್ಟಗಳ ನಡುವಿನ ಮಡಿಕೆಗಳಲ್ಲಿ. ಆ ಕಾಡಿಗೆ ಶೋಲಾ ಎನ್ನುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಸುರಿಯುವ ಮಳೆ ಅಷ್ಟಿಷ್ಟಲ್ಲ. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ, ಮಣ್ಣು ನೀರನ್ನು ಹಿಡಿದಿಡುತ್ತದೆ. ಶೋಲಾದೊಳಗಿನ ತೊರೆಗಳ ಮೂಲಕ ಆ ನೀರು ನಿಧಾನವಾಗಿ ಕೆಳಗಿಳಿಯುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ನದಿಗಳು ಹುಟ್ಟುವುದು ಈ ಉದ್ಯಾನದೊಳಗೇ.

ಮಂಗಳೂರಿಗೆ ಕುಡಿಯುವ ನೀರು ಬರುವುದು ನೇತ್ರಾವತಿಗೆ ಕಟ್ಟಿದ ತುಂಬೆ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷ ಮೇ ತಿಂಗಳಲ್ಲಿ ನಗರಕ್ಕೆ ದಿನ ಬಿಟ್ಟು ದಿನ ನೀರು ಬಿಡುವುದನ್ನು ನಾವು ಕಂಡಿದ್ದೇವೆ. ಆ ದಿನಗಳಲ್ಲಿ ಕೊಡ ಹಿಡಿದು ಕಾದವರಿಗೆ ಬೆಟ್ಟದ ಹುಲ್ಲು ದೂರದ ವಿಷಯವಲ್ಲ.

ಒಂದು ಟೆಂಟಿನಿಂದ ಏನಾಗುತ್ತದೆ ಎಂದು ಕೇಳಬಹುದು. ಒಂದೇ ಟೆಂಟ್ ಬರುವುದಿಲ್ಲ. ಈಗ ಒಂದು ಚಾರಣದ ದಾರಿಗೆ ದಿನಕ್ಕೆ 300 ಜನರ ಮಿತಿ ಇದೆ. ಅವರೆಲ್ಲ ಮೇಲೆ ಮಲಗಿದರೆ ಹುಲ್ಲು ನೆಲಕಚ್ಚುತ್ತದೆ. ಬರಿದಾದ ಮಣ್ಣನ್ನು ಮುಂದಿನ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಇಡೀ ಗುಡ್ಡ ಹೊತ್ತಿಕೊಳ್ಳುತ್ತದೆ. ಕತ್ತಲಾದ ಮೇಲೆ ಕಡವೆ, ಕಾಟಿಗಳು ಮೇಯಲು ಬರುವುದು ಇದೇ ಹುಲ್ಲಿಗೆ. ಇದೇ ಬೆಟ್ಟಸಾಲಿನಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಬೆಟ್ಟವಿದು.

ಲೆಕ್ಕ ಹಾಕಿ ಹತ್ತುವುದು

ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,894 ಮೀಟರ್. ನಡಿಗೆ ಆರಂಭವಾಗುವುದು ಕಳಸದ ಕಡೆಯ ಮುಳ್ಳೋಡಿಯಿಂದ. ಹೊರಡುವ ಮುನ್ನ ಭಾವ ಒಂದು ಲೆಕ್ಕ ಮಾಡುತ್ತಾರೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬವರು ಹೇಳಿದ ಸೂತ್ರವದು: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ದಾರಿ ಸುಮಾರು 9 ಕಿಲೋಮೀಟರ್, ಏರು ಸುಮಾರು 900 ಮೀಟರ್ ಎಂದಿಟ್ಟುಕೊಂಡರೆ ಹತ್ತಲು ಸುಮಾರು 3 ಗಂಟೆ 20 ನಿಮಿಷ. ದಣಿವು, ತೊರೆ ದಾಟುವುದು, ಜಾರುವ ನೆಲ ಎಂದು ಅಕ್ಕ ಅದಕ್ಕೆ ಇನ್ನರ್ಧ ಸೇರಿಸುತ್ತಾಳೆ. ಐದು ಗಂಟೆ. ಏಳಕ್ಕೆ ಹೊರಟರೆ ಹನ್ನೆರಡು. ಆದ್ದರಿಂದ ಎಲ್ಲೇ ಇರಲಿ, ಹನ್ನೆರಡೂವರೆಗೆ ಹಿಂದಿರುಗುವುದು ಅವರಿಬ್ಬರ ಒಪ್ಪಂದ.

ನಾನು ಹೋದ ದಿನ ಈ ಒಪ್ಪಂದದ ಪರೀಕ್ಷೆಯೇ ಆಯಿತು. ಹನ್ನೊಂದರ ಹೊತ್ತಿಗೆ ಮಂಜು ಮುಸುಕಿ ಹತ್ತು ಹೆಜ್ಜೆ ಮುಂದಿನ ಮಾರ್ಗದರ್ಶಕರೂ ಕಾಣದಾದರು. ಹನ್ನೆರಡೂವರೆಗೆ ತುದಿಗೆ ಇನ್ನು ಅರ್ಧ ಗಂಟೆಯ ದಾರಿ ಇತ್ತು. ಅಕ್ಕ ಆ ಬೆಟ್ಟಕ್ಕಾಗಿ ಆರು ತಿಂಗಳಿಂದ ಕಾದಿದ್ದಳು. ಭಾವ ಗಡಿಯಾರ ತೋರಿಸಿದರು, ಅಷ್ಟೇ. ಅವಳು ಮಾತಾಡದೆ ತಿರುಗಿದಳು. ಇಳಿಯುವಾಗ ಮಳೆ ಹಿಡಿಯಿತು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ನಾವು ದಾಟುವಾಗ ಮೊಣಕಾಲಿಗೆ ಬಂದಿತ್ತು. “ಇನ್ನೊಂದು ಗಂಟೆ ತಡವಾಗಿದ್ದರೆ ಆಚೆ ದಡದಲ್ಲೇ ಕೂರಬೇಕಿತ್ತು” ಎಂದರು ಮಾರ್ಗದರ್ಶಕರು.

ಚೀಲದಲ್ಲಿ ಏನಿರುತ್ತದೆ?

ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ ಎಂದು ನಾವು ಓದಿದ್ದೇವೆ. ಮಂಗಳೂರಿನಲ್ಲಿ 30 ಡಿಗ್ರಿ ಇದ್ದರೆ ಕುದುರೆಮುಖದ ತುದಿಯಲ್ಲಿ ಸುಮಾರು 18. ಒದ್ದೆ ಬಟ್ಟೆಗೆ ಗಾಳಿ ಬಡಿದರೆ ಇನ್ನೂ ಚಳಿ. ಹತ್ತಿಬಟ್ಟೆ ನೆನೆದರೆ ಬೇಗ ಒಣಗುವುದಿಲ್ಲ. ಅದಕ್ಕೇ ಒಂದು ಜೊತೆ ಒಣಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿರುತ್ತಾರೆ. ತಲಾ ಎರಡು ಲೀಟರ್ ನೀರು, ಓಆರ್‌ಎಸ್, ಖರ್ಜೂರ, ಟಾರ್ಚ್, ಸೀಟಿ, ಬ್ಯಾಂಡೇಜ್, ಕಸ ವಾಪಸು ತರಲು ಒಂದು ಖಾಲಿ ಚೀಲ. ಜಿಗಣೆಗೆ ಉಪ್ಪು. ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಹಾಗಾಗಿ ಅದು ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಸುರಿದರೆ ಹೆದರಬೇಕಿಲ್ಲ. ತೊಳೆದು ಒತ್ತಿ ಹಿಡಿದರೆ ಸಾಕು.

ಹಾಗಾದರೆ ಟೆಂಟ್ ಎಲ್ಲಿ?

ಉದ್ಯಾನದ ಹೊರಗೆ, ಸಂಸೆಯ ಒಂದು ಹೋಂಸ್ಟೇ ಅಂಗಳದಲ್ಲಿ. “ಮನೆಯಿದ್ದೂ ಅಂಗಳದಲ್ಲಿ ಮಲಗುವುದು ಯಾವ ಚಂದ?” ಎಂದು ಉಮ್ಮ ಈಗಲೂ ಕೇಳುತ್ತಾರೆ. ಟೆಂಟ್ ಹಾಕುವುದಕ್ಕೂ ಕ್ರಮವಿದೆ. ತಗ್ಗಿನಲ್ಲಿ ಹಾಕಿದರೆ ನೀರು ನಿಲ್ಲುತ್ತದೆ, ತಣ್ಣನೆಯ ಗಾಳಿಯೂ ಅಲ್ಲಿಗೇ ಇಳಿಯುತ್ತದೆ. ಒಣಕೊಂಬೆಯ ಕೆಳಗೆ ಬೇಡ, ಹೊಳೆಯ ಅಂಚಿನಲ್ಲಂತೂ ಬೇಡವೇ ಬೇಡ. ಕಿಟಕಿ ಪೂರ್ತಿ ಮುಚ್ಚಿದರೆ ನಮ್ಮ ಉಸಿರಿನ ತೇವವೇ ಒಳಗೋಡೆಯಲ್ಲಿ ಹನಿಯಾಗಿ ಬೆಳಗಿನೊಳಗೆ ಹಾಸಿಗೆ ಒದ್ದೆ. ಸ್ವಂತ ಟೆಂಟ್ ಇಲ್ಲದವರಿಗೆ ಕುದುರೆಮುಖದಲ್ಲೇ ಭಗವತಿ ಪ್ರಕೃತಿ ಶಿಬಿರವಿದೆ. ಅಲ್ಲಿ ಅನುಮತಿಯೊಂದಿಗೆ ತಂಗಬಹುದು.

ನಮ್ಮಲ್ಲಿ ಯಾರಾದರೂ ಹೋಗುವುದಾದರೆ ಇಷ್ಟು ಮಾಡಿ: ಅನುಮತಿ ಪಡೆಯಿರಿ, ಸ್ಥಳೀಯ ಮಾರ್ಗದರ್ಶಕರನ್ನು ಕರೆದುಕೊಳ್ಳಿ, ಯಾವ ದಾರಿ, ಎಷ್ಟು ಗಂಟೆಗೆ ವಾಪಸು ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ. ಮೇಲೆ ಮೊಬೈಲ್ ಸಿಗುವುದಿಲ್ಲ. ತಿರುಗುವ ಸಮಯವನ್ನು ಕೆಳಗಿದ್ದಾಗಲೇ ನಿಗದಿ ಮಾಡಿ. ತುದಿ ಹತ್ತಿರ ಕಂಡಾಗ ಯಾರಿಗೂ ಲೆಕ್ಕ ನೆನಪಿರುವುದಿಲ್ಲ. ಅಕ್ಕ-ಭಾವ ಮುಂದಿನ ತಿಂಗಳಿಗೆ ಮತ್ತೆ ಅನುಮತಿ ಪಡೆದಿದ್ದಾರೆ.