ಚಾಸಿ ತಿರುಚಲಿ, ಬಿಡಿ

ಮಲೆನಾಡಿನಲ್ಲಿ ಹಳೆಯ ಪಿಕಪ್ಪು ಸೋಲುವುದು ಎಂಜಿನ್ನಿನಿಂದಲ್ಲ, ಬಾಡಿಯಿಂದ. ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಹೊತ್ತು ದುಡಿದ ಮಹೀಂದ್ರ ಜೀಪ್ ಪಿಕಪ್ಪಿನ ಎಂಜಿನ್ನನ್ನು ಬೋರ್ ಮಾಡಿಸಿ ಮತ್ತೆ ಓಡಿಸಬಹುದು. ಹಿಂದಿನ ಬಾಡಿಯನ್ನು ಮಾತ್ರ ಮಳೆ, ಕೆಸರು, ಗೊಬ್ಬರ ಸೇರಿ ತಿಂದು ಹಾಕುತ್ತವೆ. ಪೊಟ್ಯಾಷ್ ಗೊಬ್ಬರ ಅಡುಗೆ ಉಪ್ಪಿನ ಹಾಗೆಯೇ ಒಂದು ಕ್ಲೋರೈಡ್. ಅದರ ಪುಡಿ ಹಲಗೆಯ ಸಂದಿನಲ್ಲಿ ಕೂತು ತೇವ ಹೀರಿದರೆ ತಗಡಿಗೆ ಉಳಿಗಾಲವಿಲ್ಲ.

ಆಗ ಗಾಡಿ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೋ ಭದ್ರಾವತಿಯ ಯಾವುದಾದರೂ ವೆಲ್ಡಿಂಗ್ ಶಾಪಿಗೋ ಬರುತ್ತದೆ. ಮಾಲೀಕರ ಮಾತು ಒಂದೇ: 'ಈ ಸಲ ಗಟ್ಟಿಯಾಗಿ ಕಟ್ಟಿ, ಪೂರ್ತಿ ಕಬ್ಬಿಣದಲ್ಲೇ ಮಾಡಿ, ಚಾಸಿಗೆ ವೆಲ್ಡ್ ಹೊಡೆದುಬಿಡಿ.' ಕೇಳಲು ಸರಿಯೆನಿಸುವ ಈ ಮಾತು ಚಾಸಿಯ ಆಯಸ್ಸನ್ನೇ ಕಡಿಮೆ ಮಾಡುತ್ತದೆ.

ಬಾಡಿ ಬಿಚ್ಚಿದ ಪಿಕಪ್ಪಿನ ಅಡಿಯಲ್ಲಿ ಉಳಿಯುವುದು ಒಂದು ಏಣಿ. ಉದ್ದಕ್ಕೆ ಎರಡು ಉಕ್ಕಿನ ಚಾನಲ್ಲು, ಅವುಗಳ ನಡುವೆ ಅಡ್ಡಪಟ್ಟಿಗಳು, ಕೂಡಿದಲ್ಲೆಲ್ಲ ರಿವೆಟ್ಟು. ಒಂದು ಮುಂಚಕ್ರ ಗುಂಡಿಗೆ ಇಳಿದಾಗ, ಅದೇ ಪಕ್ಕದ ಹಿಂಚಕ್ರ ದಿಣ್ಣೆ ಏರಿದಾಗ ಏಣಿ ತಿರುಚುತ್ತದೆ. ತೋಟದ ದಾರಿಯಲ್ಲಿ ನಾಲ್ಕೂ ಚಕ್ರ ನೆಲ ಬಿಡದೆ ಇರುವುದಕ್ಕೆ ಕಮಾನು ಪಟ್ಟಿಯ ಜೊತೆಗೆ ಈ ತಿರುಚೂ ಕಾರಣ. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಹೊರತೆಗೆದು ಬೆರಳಲ್ಲಿ ತಿರುಚಿ, ಸಲೀಸಾಗಿ ಬಳುಕುತ್ತದೆ. ಹೊರಕವಚದೊಳಗೆ ತಳ್ಳಿ ಮತ್ತೆ ತಿರುಚಿ ನೋಡಿ, ಜಗ್ಗುವುದಿಲ್ಲ. ಲೆಕ್ಕವೂ ಇದನ್ನೇ ಹೇಳುತ್ತದೆ. 100 ಮಿಲಿಮೀಟರ್ ಎತ್ತರ, 40 ಅಗಲ, 4 ಮಿಲಿಮೀಟರ್ ದಪ್ಪದ ತೆರೆದ ಚಾನಲ್ಲಿನ ಬಾಯಿಗೆ ಅದೇ ದಪ್ಪದ ಪಟ್ಟಿ ಮುಚ್ಚಿ ಪೆಟ್ಟಿಗೆ ಮಾಡಿದರೆ, ತಿರುಚನ್ನು ತಡೆಯುವ ಶಕ್ತಿ ಸುಮಾರು 200 ಪಟ್ಟು ಏರುತ್ತದೆ.

ಪೂರ್ತಿ ಕಬ್ಬಿಣದ ಬಾಡಿಯನ್ನು ಚಾಸಿಗೆ ವೆಲ್ಡ್ ಹೊಡೆದರೆ ಹಿಂದಿನ ಅರ್ಧ ಹೀಗೆಯೇ ಬಿಗಿಯಾಗುತ್ತದೆ. ಹಾಗಾದರೆ ಅದು ಒಳ್ಳೆಯದೇ ಅಲ್ಲವೇ? ಅಲ್ಲ. ಹಿಂದಿನ ಅರ್ಧ ಬಿಗಿಯಾದರೂ ಗುಂಡಿಗಳೇನೂ ಕಡಿಮೆಯಾಗುವುದಿಲ್ಲ. ಇಡೀ ಉದ್ದಕ್ಕೆ ಹಂಚಿಹೋಗುತ್ತಿದ್ದ ತಿರುಚೆಲ್ಲ ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಕಿರಿದಾದ ಜಾಗಕ್ಕೆ ಬಂದು ಸೇರುತ್ತದೆ. ಬಿರುಕು ಬಿಡುವುದು ಅಲ್ಲಿಯೇ.

ಲಾರಿ ಬಾಡಿ ಕಟ್ಟುವ ಹಳೆಯ ಕೈಗಳು ಚಾಸಿಯ ಮೇಲೆ ಉದ್ದಕ್ಕೆ ಮರದ ತೊಲೆ ಹಾಸಿ, ಅದರ ಮೇಲೆ ಅಡ್ಡತೊಲೆ ಕೂರಿಸಿ, ಆಮೇಲೆ ಹಲಗೆ ಹಾಕುತ್ತಿದ್ದದ್ದು ಬರೀ ಉಳಿತಾಯಕ್ಕಲ್ಲ. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ 200 ಗಿಗಾಪಾಸ್ಕಲ್ಲಿನಷ್ಟು. ತೇಗದ್ದು ನಾರಿನ ಉದ್ದಕ್ಕೆ 10ರಿಂದ 12, ಅಡ್ಡಕ್ಕೆ ಇನ್ನೂ ಬಹಳ ಕಡಿಮೆ. ಚಾಸಿ ತಿರುಚಿದಾಗ ಮರ ಅಷ್ಟಿಷ್ಟು ಅದುಮಿಕೊಂಡು, ಬಾಗಿ, ಮತ್ತೆ ಸರಿಹೋಗುತ್ತದೆ. ತೊಲೆಯ ಮುಂದಿನ ತುದಿಯನ್ನು ಇಳಿಜಾರಾಗಿ ಕೆತ್ತುವುದೂ ಇದೇ ತರ್ಕದ ಮೇಲೆ. ಮೊಂಡಾಗಿ ಕತ್ತರಿಸಿದ ತೊಲೆ ಭಾರವನ್ನೆಲ್ಲ ಒಂದೇ ಗೆರೆಯಲ್ಲಿ ಚಾಸಿಗೆ ಒತ್ತುತ್ತದೆ. ಕೆತ್ತಿದ ತುದಿ ನಿಧಾನವಾಗಿ ಹಂಚುತ್ತದೆ. ಬಾಡಿ ಬಿಗಿಯುವುದು ಯೂ ಬೋಲ್ಟಿನಿಂದ. ಬಿಗಿಯುವ ಮುಂಚೆ ಚಾನಲ್ಲಿನ ಹೊಟ್ಟೆಯೊಳಗೆ ಒಂದು ಕಟ್ಟಿಗೆ ತುಂಡು ಇಡಬೇಕು, ಇಲ್ಲದಿದ್ದರೆ ಚಾನಲ್ಲಿನ ತುಟಿ ಮಡಚಿಕೊಳ್ಳುತ್ತದೆ. ಸೈಲೆನ್ಸರ್ ಪೈಪಿನ ಪಕ್ಕ ಮಾತ್ರ ಆ ತುಂಡು ಕಬ್ಬಿಣದ್ದೇ ಇರಲಿ.

ವೆಲ್ಡಿಂಗ್ ಯಾಕೆ ಬೇಡ ಎಂಬುದಕ್ಕೆ ಭದ್ರಾವತಿಯ ಚರಿತ್ರೆಯಲ್ಲೇ ಉತ್ತರವಿದೆ. ಅಲ್ಲಿನ ಕಾರ್ಖಾನೆ 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಕಲ್ಲಿದ್ದಲಿನ ಬದಲು ಸುತ್ತಲ ಕಾಡಿನ ಇದ್ದಿಲಿನಲ್ಲಿ ಕರಗಿಸತೊಡಗಿತು. ಬಂದದ್ದು ಬೀಡುಕಬ್ಬಿಣ. ಅದರಲ್ಲಿ ಶೇಕಡಾ 4ರಷ್ಟು ಇಂಗಾಲ. ಪೈಪು ಎರಕ ಹೊಯ್ಯಲು ಲಾಯಕ್ಕು, ಬಗ್ಗಿಸಹೋದರೆ ಒಡೆಯುತ್ತದೆ. ಇಂಗಾಲವನ್ನು ಇಳಿಸಿ ಉಕ್ಕು ಮಾಡುವ ಕೆಲಸ ಅಲ್ಲಿ ಶುರುವಾದದ್ದು 1936ರಲ್ಲಿ. ಬಳುಕುವ ಗುಣ ಇಂಗಾಲದ ಪ್ರಮಾಣಕ್ಕೆ ಅಂಟಿಕೊಂಡಂತೆ, ಕಾಯಿಸಿ ತಣಿಸುವ ವೇಗಕ್ಕೂ ಅಂಟಿಕೊಂಡಿದೆ. ವೆಲ್ಡ್ ಹೊಡೆದಾಗ ಕೆಂಪಗೆ ಕಾದ ಉಕ್ಕು ಸುತ್ತಲ ತಣ್ಣಗಿನ ಲೋಹದಿಂದಾಗಿ ಥಟ್ಟನೆ ಆರಿ, ಗೆರೆಯ ಪಕ್ಕದಲ್ಲೇ ಪೆಡಸಾಗುತ್ತದೆ. ಸಾವಿರಾರು ಸಲ ತಿರುಚುವ ಚಾನಲ್ಲಿನ ಅಂಚಿನಲ್ಲಿ ಅಂಥ ಪೆಡಸು ಗೆರೆ ಬಿರುಕಿಗೆ ಆಹ್ವಾನ. ರಿವೆಟ್ಟಿಗೆ ಈ ತೊಂದರೆಯಿಲ್ಲ.

ಬಾಡಿಯ ಉದ್ದದ ವಿಷಯದಲ್ಲೂ ಆಸೆ ಒಳ್ಳೆಯದಲ್ಲ. ಮುಂದಿನ ಮತ್ತು ಹಿಂದಿನ ಆಕ್ಸೆಲ್ಲಿನ ನಡುವಿನ ಅಂತರ 2500 ಮಿಲಿಮೀಟರ್, ಹೇರಿದ್ದು 1000 ಕಿಲೊ ಎಂದುಕೊಳ್ಳಿ. ಭಾರದ ನಡುಬಿಂದು ಹಿಂದಿನ ಆಕ್ಸೆಲ್ಲಿಗಿಂತ 250 ಮಿಲಿಮೀಟರ್ ಮುಂದಿದ್ದರೆ 100 ಕಿಲೊ ಮುಂಚಕ್ರದ ಪಾಲಿಗೆ ಬರುತ್ತದೆ. ಬಾಡಿ ಉದ್ದವಾಗಿ ಆ ಬಿಂದು ಆಕ್ಸೆಲ್ಲಿನಿಂದ ಅಷ್ಟೇ ದೂರ ಹಿಂದಕ್ಕೆ ಹೋದರೆ ಮುಂಚಕ್ರದ ಮೇಲಿಂದ 100 ಕಿಲೊ ಎತ್ತಿಹೋಗಿ, ಹಿಂಚಕ್ರದ ಮೇಲೆ 1100 ಬೀಳುತ್ತದೆ. ಹೀಗೆ ಹಗುರಾದ ಸ್ಟೇರಿಂಗ್ ಹಿಡಿದು ಆಗುಂಬೆಯ ತಿರುವುಗಳನ್ನು ಹತ್ತುವುದು ನನಗಂತೂ ಬೇಡ. ಕಾನೂನಿನ ಕಣ್ಣೂ ಇದರ ಮೇಲಿದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. 50 ವರ್ಷ ದಾಟಿದ, ಬಾಡಿಗೆಗೆ ಓಡದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂತು. ಅದಂತೂ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕೆನ್ನುತ್ತದೆ. ಅಂಥ ಗಾಡಿ ನಿಮ್ಮಲ್ಲಿದ್ದರೆ ಹಳೆಯ ಬಾಡಿ ಗುಜರಿಗೆ ಹೋಗುವ ಮೊದಲೇ ಅಳತೆ, ಫೋಟೊ ತೆಗೆದಿಟ್ಟುಕೊಳ್ಳಿ.

ಮರಕ್ಕೂ ತನ್ನದೇ ತಕರಾರುಗಳಿವೆ. ಮತ್ತಿಯಂಥ ಮರದಲ್ಲಿ ಟ್ಯಾನಿನ್ ಹೆಚ್ಚು. ಒದ್ದೆಯಾದಾಗ ಅದು ಕಬ್ಬಿಣದೊಡನೆ ಬೆರೆತು ಬೋಲ್ಟಿನ ಸುತ್ತ ಕಪ್ಪು ಕಲೆ ಮೂಡುತ್ತದೆ. ಬೋಲ್ಟೂ ಸವೆಯುತ್ತದೆ, ತೂತಿನ ಮರವೂ ಮೆತ್ತಗಾಗುತ್ತದೆ. ಹಾಗಾಗಿ ಕೊರೆದ ತೂತಿನ ಒಳಮೈಗೂ ಬಣ್ಣ ಬೇಕು, ಚಾಸಿಗೆ ರೆಡ್ ಆಕ್ಸೈಡ್ ಬೇಕು. ಹಸಿ ಮರ ಒಣಗುತ್ತ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ದಪ್ಪಕ್ಕೆ ಕುಗ್ಗುವುದು ಎದ್ದು ಕಾಣುವಷ್ಟು. ಕಟ್ಟಿದ ದಿನ ಬಿಗಿಯಾಗಿದ್ದ ಯೂ ಬೋಲ್ಟು ಬೇಸಿಗೆ ಬರುವಷ್ಟರಲ್ಲಿ ಸಡಿಲಾಗುವುದು ಇದರಿಂದಲೇ. ಸ್ಪ್ಯಾನರ್ ಗಾಡಿಯಲ್ಲೇ ಇರಲಿ. ಮೊದಲ ಒಂದೆರಡು ಲೋಡು ಇಳಿಸಿದ ಮೇಲೊಮ್ಮೆ, ಮೊದಲ ಬೇಸಿಗೆಯಲ್ಲಿ ಇನ್ನೊಮ್ಮೆ ನಟ್ಟುಗಳನ್ನು ಬಿಗಿದು, ಕ್ಯಾಬಿನ್ನಿಗೂ ಬಾಡಿಗೂ ನಡುವೆ ಎರಡು ಬೆರಳು ಸರಾಗವಾಗಿ ತೂರುತ್ತವೆಯೇ ನೋಡಿಕೊಳ್ಳಿ.