ಬೇಸಿಗೆ ರಜೆಯಲ್ಲಿ ಬಂದಿಳಿಯುವ ಇಂಗ್ಲಿಷ್ ಟೀಚರು

ಜಪಾನಿನ ಸರ್ಕಾರಿ ಶಾಲೆಗಳಿಗೆ ಸರ್ಕಾರದ್ದೇ ಏರ್ಪಾಡೊಂದರಲ್ಲಿ ಹೊರದೇಶಗಳಿಂದ ಬರುವ ಇಂಗ್ಲಿಷ್ ಟೀಚರುಗಳಲ್ಲಿ ಬಹುಪಾಲು ಜನ ಬಂದಿಳಿಯುವುದು ಜುಲೈ ಕೊನೆಗೆ, ಇಲ್ಲವೇ ಆಗಸ್ಟ್ ಮೊದಲ ವಾರಗಳಲ್ಲಿ. ಆಗ ಅಲ್ಲಿ ಬೇಸಿಗೆ ರಜೆ. ಬಾಗಿಲ ಬಳಿ ಹೊರಗಿನ ಶೂ ಕಳಚಿ ಗೂಡಿನಲ್ಲಿಟ್ಟು, ಶಾಲೆಯೊಳಗೆ ಮಾತ್ರ ಮೆಟ್ಟುವ ‘ಉವಬಕಿ’ ಹಾಕಿಕೊಂಡು ಒಳಗೆ ಹೋದರೆ ಉದ್ದಾನುದ್ದ ಕಾರಿಡಾರು ಖಾಲಿ ಬಿದ್ದಿರುತ್ತದೆ. ಶಿಕ್ಷಕರ ಕೋಣೆಯಲ್ಲಿ ಒಂದು ಮೇಜು ತೋರಿಸುತ್ತಾರೆ. ಪಾಠವಿಲ್ಲದಿದ್ದರೂ ದಿನವೂ ಬಂದು ಕೂರಬೇಕು. ಶಾಲಾ ವರ್ಷ ಏಪ್ರಿಲ್‌ನಲ್ಲೇ ಶುರುವಾಗಿರುವುದರಿಂದ ಉಳಿದವರೆಲ್ಲ ಒಬ್ಬರಿಗೊಬ್ಬರು ಹೊಂದಿಕೊಂಡಾಗಿದೆ, ಹೊಸಬರು ಇವರೊಬ್ಬರೇ. ಸೆಪ್ಟೆಂಬರ್ ಹತ್ತಿರವಾಗುವವರೆಗೂ ಮಕ್ಕಳಿಗೆ ಕಲಿಸುವ ಕೆಲಸವಿಲ್ಲ. ಊರಿನಿಂದ ಕಲಿಯುವ ಕೆಲಸ ಮಾತ್ರ ಬಂದ ದಿನದಿಂದಲೇ ಇದೆ.

ಈ ಏರ್ಪಾಡಿನ ಹೆಸರು ಜೆಟ್, ಅಂದರೆ ಜಪಾನ್ ಎಕ್ಸ್‌ಚೇಂಜ್ ಅಂಡ್ ಟೀಚಿಂಗ್ ಪ್ರೋಗ್ರಾಂ. 1987ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಬಂದ 848 ಜನರೊಂದಿಗೆ ಇದು ಶುರುವಾಯಿತು. 2002ರ ಹೊತ್ತಿಗೆ ಒಂದೇ ವರ್ಷದಲ್ಲಿ 6,273 ಮಂದಿ ಕೆಲಸದಲ್ಲಿದ್ದರು. ಈವರೆಗೆ 75,000ಕ್ಕೂ ಹೆಚ್ಚು ಜನ ಹೀಗೆ ಬಂದುಹೋಗಿದ್ದಾರೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ‘ಎಎಲ್‌ಟಿ’ಗಳು, ಅಂದರೆ ಭಾಷಾ ಸಹಾಯಕ ಶಿಕ್ಷಕರು. ಯಾವುದಾದರೂ ಒಂದು ಪದವಿ ಇದ್ದರೆ ಸಾಕು, ಬಿ.ಎಡ್. ಆಗಲಿ, ಜಪಾನಿ ಭಾಷೆಯಾಗಲಿ ಕಡ್ಡಾಯವಲ್ಲ. ಕರಾರು ವರ್ಷಕ್ಕೊಮ್ಮೆ, ಒಟ್ಟು ಐದು ವರ್ಷ ಮೀರುವಂತಿಲ್ಲ. ಮೊದಲ ವರ್ಷದ ಸಂಬಳ ಬಹುಕಾಲ 33.6 ಲಕ್ಷ ಯೆನ್ ಇತ್ತು, 2025ರಿಂದ 40.2 ಲಕ್ಷ ಯೆನ್ ಆಗಿದೆ.

ಹಣ ಎಲ್ಲಿಂದ ಬರುತ್ತದೆ ಎಂದು ನೋಡಿದರೆ ಈ ಯೋಜನೆಯ ಸ್ವಭಾವ ಅರ್ಥವಾಗುತ್ತದೆ. 1980ರ ದಶಕದಲ್ಲಿ ಜಪಾನಿನ ರಫ್ತು ಏರುತ್ತಲೇ ಹೋಗಿ ಅಮೆರಿಕದೊಂದಿಗೆ ವ್ಯಾಪಾರದ ಜಗಳ ಜೋರಾಗಿತ್ತು. ನಮ್ಮ ಬಾಗಿಲು ಹೊರಗಿನವರಿಗೆ ತೆರೆದಿದೆ ಎಂದು ತೋರಿಸಬೇಕಾದ ಒತ್ತಡ ನಕಸೊನೆ ಯಾಸುಹಿರೊ ಸರ್ಕಾರದ ಮೇಲಿತ್ತು. ಆಗ ಈ ಯೋಜನೆಗೆ ಹೆಗಲು ಕೊಟ್ಟದ್ದು ಸ್ಥಳೀಯ ಸಂಸ್ಥೆಗಳನ್ನು ನೋಡಿಕೊಳ್ಳುವ ಒಳಾಡಳಿತ ಸಚಿವಾಲಯ. ವಿದೇಶಾಂಗ ಮತ್ತು ಶಿಕ್ಷಣ ಸಚಿವಾಲಯಗಳೂ ಜೊತೆಗಿವೆ. ಆದರೆ ಟೀಚರನ್ನು ನೇಮಿಸಿಕೊಂಡು ಸಂಬಳ ಕೊಡುವುದು ಆಯಾ ಊರಿನ ಆಡಳಿತ, ಅದಕ್ಕೆ ಕೇಂದ್ರದ ಅನುದಾನ. ಹಾಗಾಗಿ ಜೆಟ್‌ನವರು ಟೋಕಿಯೊದಲ್ಲಿ ಗುಂಪುಗೂಡದೆ ಮೀನುಗಾರರ ಊರಿಗೆ, ಬೆಟ್ಟದ ಮೇಲಿನ ಹಳ್ಳಿಗೆ, ದೋಣಿಯಲ್ಲಷ್ಟೇ ಹೋಗಬಹುದಾದ ದ್ವೀಪಕ್ಕೆ ಹಂಚಿಹೋದರು. ಇಷ್ಟು ವರ್ಷ ಖರ್ಚು ಮಾಡಿಯೂ ಜಪಾನೀಯರ ಇಂಗ್ಲಿಷ್ ಸುಧಾರಿಸಲಿಲ್ಲ ಎಂಬ ಟೀಕೆಯಿದೆ. ಅದರಲ್ಲಿ ನಿಜವಿದೆ. ಆದರೆ ಹೊರದೇಶದ ಮನುಷ್ಯನನ್ನು ಒಮ್ಮೆಯೂ ಕಾಣದ ಊರಿನಲ್ಲಿ ಅಂಥವರೊಬ್ಬರು ನೆರೆಮನೆಯವರಾಗಿ ಬಾಳಿದ್ದನ್ನು ಪರೀಕ್ಷೆಯ ಅಂಕಗಳಿಂದ ಅಳೆಯಲಾಗುವುದಿಲ್ಲ. ಜೆಟ್‌ನ ಜೀವ ಇರುವುದು ಅಲ್ಲೇ ಎಂದು ನನ್ನ ನಂಬಿಕೆ.

ನೆರೆಮನೆಯವರಾಗುವುದು ಸುಲಭವಲ್ಲ. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದಾಗಲೇ ‘ಜೈರ್ಯೂ’ ಕಾರ್ಡ್ ಎಂಬ ವಾಸದ ಗುರುತಿನ ಚೀಟಿ ಕೈಗೆ ಬರುತ್ತದೆ. ಮನೆ ಸೇರಿದ 14 ದಿನದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಬ್ಯಾಂಕ್ ಖಾತೆಗೆ ಎಷ್ಟೋ ಕಡೆ ಇಂದಿಗೂ ಸಹಿಗಿಂತ ‘ಹಾಂಕೊ’ ಎಂಬ ಪುಟ್ಟ ಮೊಹರೇ ಸಲೀಸು. ಬಂದವರು ತಮ್ಮ ಹೆಸರನ್ನು ಕತಕಾನ ಲಿಪಿಯಲ್ಲಿ ಕೆತ್ತಿಸಿಕೊಳ್ಳುತ್ತಾರೆ. ಬಾಡಿಗೆ ಮನೆಯ ಲೆಕ್ಕ ಬೆಂಗಳೂರಿನ ಅಡ್ವಾನ್ಸ್ ಕಂಡವರನ್ನೂ ಬೆಚ್ಚಿಬೀಳಿಸುತ್ತದೆ. ‘ಶಿಕಿಕಿನ್’ ಎಂಬ ಠೇವಣಿಯಲ್ಲಿ ರಿಪೇರಿ ಖರ್ಚು ಕಳೆದು ಉಳಿದದ್ದು ವಾಪಸು ಬರುತ್ತದೆ. ‘ರೇಕಿನ್’ ಮಾತ್ರ ಮನೆ ಕೊಟ್ಟ ಉಪಕಾರಕ್ಕಾಗಿ ಮಾಲೀಕರಿಗೆ ಒಪ್ಪಿಸುವ ಹಣ, ಅದು ಮರಳುವುದಿಲ್ಲ. ಮೇಲೆ ಜಾಮೀನುದಾರರೂ ಬೇಕು. ಎಷ್ಟೋ ಊರುಗಳಲ್ಲಿ ಶಿಕ್ಷಣ ಮಂಡಳಿಯೇ ಮನೆ ಹುಡುಕಿ, ಜಾಮೀನು ನಿಂತು ಈ ಭಾರ ಇಳಿಸುತ್ತದೆ.

ಆಮೇಲೆ ಕಸ. ಸುಡುವ ಕಸಕ್ಕೊಂದು ದಿನ, ಸುಡದ ಕಸಕ್ಕೆ ಇನ್ನೊಂದು, ಬಾಟಲಿಗೆ, ಡಬ್ಬಿಗೆ, ಹಳೆ ಪೇಪರಿಗೆ ಬೇರೆ ಬೇರೆ ದಿನ. ಊರಿನ ಕಚೇರಿ ಕೊಡುವ ಕಸದ ಕ್ಯಾಲೆಂಡರ್ ಅಡುಗೆಮನೆಯ ಗೋಡೆಗೇರುತ್ತದೆ. ಬೆಳಗ್ಗೆ ನಿಗದಿಯಾದ ಹೊತ್ತಿನೊಳಗೆ ನಿಗದಿಯಾದ ಚೀಲದಲ್ಲಿ ಇಡದಿದ್ದರೆ ಚೀಲದ ಮೇಲೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟುಹೋಗುತ್ತಾರೆ. ತೊಕುಶಿಮಾ ಪ್ರಾಂತ್ಯದ ಕಮಿಕತ್ಸು ಎಂಬ ಪುಟ್ಟ ಊರಿನಲ್ಲಂತೂ ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ಬೇರ್ಪಡಿಸುತ್ತಾರೆ. ಹೊಸಬರಿಗೆ ಯಾವುದು ಎಲ್ಲಿಗೆ ಎಂದು ತೋರಿಸಿಕೊಡಲು ಪಕ್ಕದ ಮನೆಯ ಅಜ್ಜಿ ಹೊರಗೆ ಬರುತ್ತಾಳೆ. ಭಾಷೆ ಬಾರದ ಟೀಚರಿಗೆ ಊರಿನಲ್ಲಿ ಸಿಗುವ ಮೊದಲ ಪಾಠ ಎಷ್ಟೋ ಸಲ ಅದೇ.

ಚಳಿಗಾಲ ಬಂದಾಗ ಮನೆಯ ನಿಜ ಬಣ್ಣ ತಿಳಿಯುತ್ತದೆ. ಉತ್ತರದ ಹೊಕ್ಕೈದೊ ಬಿಟ್ಟರೆ ಹೆಚ್ಚಿನ ಮನೆಗಳಲ್ಲಿ ಇಡೀ ಮನೆ ಬೆಚ್ಚಗಿಡುವ ವ್ಯವಸ್ಥೆಯಿಲ್ಲ. ಸೀಮೆಎಣ್ಣೆ ಹೀಟರು, ಕೆಳಗೆ ಹೀಟರ್ ಕೂಡಿಸಿ ಮೇಲೆ ರಜಾಯಿ ಹೊದಿಸಿದ ‘ಕೊತತ್ಸು’ ಮೇಜು, ಇವೇ ಆಸರೆ. ಈ ಚಳಿಯ ಇತಿಹಾಸ ಹಳೆಯದು. 1890ರಲ್ಲಿ ಮತ್ಸುಏ ಎಂಬ ಊರಿನ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದ ಬರಹಗಾರ ಲಫ್ಕಾಡಿಯೊ ಹರ್ನ್ ಅಲ್ಲಿದ್ದದ್ದು ಸುಮಾರು ಹದಿನೈದು ತಿಂಗಳು. ಊರನ್ನು ಮನಸಾರೆ ಮೆಚ್ಚಿದ್ದರೂ ಅಲ್ಲಿಯ ಚಳಿ ತಡೆಯಲಾರದೆ ದಕ್ಷಿಣದ ಕುಮಮೊತೊಗೆ ಹೋದರು. ಮತ್ಸುಏಯಲ್ಲೇ ಕೈಹಿಡಿದ ಕೊಇಜುಮಿ ಸೆತ್ಸು ಅವರ ಮನೆತನದ ಹೆಸರನ್ನು ತನ್ನದಾಗಿಸಿಕೊಂಡು, 1896ರಲ್ಲಿ ಕೊಇಜುಮಿ ಯಾಕುಮೊ ಎಂಬ ಹೆಸರಿನಲ್ಲಿ ಜಪಾನಿನ ಪ್ರಜೆಯಾದರು. ಅವರು ವಾಸವಿದ್ದ ಸಮುರಾಯ್ ಮನೆಯನ್ನು ಮತ್ಸುಏಯ ಜನ ಇಂದಿಗೂ ಜೋಪಾನ ಮಾಡಿದ್ದಾರೆ. ಹೊರಗಿನಿಂದ ಬಂದ ಒಬ್ಬ ಮೇಷ್ಟರನ್ನು ಊರೊಂದು ಹೀಗೆ ತನ್ನವರೆಂದು ಇಟ್ಟುಕೊಂಡಿರುವುದು ದೊಡ್ಡ ಮಾತು.

ಶಾಲೆಯೊಳಗೆ ಟೀಚರಿನ ಜಾಗ ತರಗತಿಯಲ್ಲಿ ಕಿರಿದು. ಪಾಠದ ಹೊಣೆ ಲೈಸೆನ್ಸ್ ಇರುವ ಜಪಾನಿ ಶಿಕ್ಷಕರದ್ದು. ಎಎಲ್‌ಟಿ ಪಕ್ಕದಲ್ಲಿ ನಿಂತು ಉಚ್ಚಾರ ಹೇಳಿಕೊಡಬೇಕು, ಆಟ ಆಡಿಸಬೇಕು. ‘ನಾವು ಮನುಷ್ಯರೂಪದ ಟೇಪ್‌ರೆಕಾರ್ಡರ್ ಆಗಿಬಿಟ್ಟಿದ್ದೇವೆ’ ಎಂಬ ಅಳಲು ಅವರಲ್ಲಿ ಹಳೆಯದು. 2020ರಿಂದ ಐದು ಮತ್ತು ಆರನೇ ತರಗತಿಗಳಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯವಾಗಿದೆ, ಮೂರು ಮತ್ತು ನಾಲ್ಕನೆಯವರಿಗೆ ಆಟ-ಮಾತಿನ ರೂಪದಲ್ಲಿದೆ. ಹಾಗಾಗಿ ಚಿಕ್ಕ ಮಕ್ಕಳ ಶಾಲೆಗಳಲ್ಲಿ ಇವರಿಗೆ ಕೆಲಸ ಹೆಚ್ಚಿದೆ.

ಆದರೆ ಮಧ್ಯಾಹ್ನ ನೋಡಬೇಕು. ಬಿಳಿ ಏಪ್ರನ್, ಬಿಳಿ ಟೋಪಿ ತೊಟ್ಟ ಮಕ್ಕಳು ದೊಡ್ಡ ಪಾತ್ರೆಗಳನ್ನು ತಾವೇ ಹೊತ್ತು ತಂದು ತರಗತಿಯಲ್ಲೇ ಬಡಿಸುತ್ತಾರೆ. ಇದು ‘ಕ್ಯೂಶೊಕು’, ಶಾಲೆಯ ಊಟ. 1889ರಲ್ಲಿ ಯಮಗತ ಪ್ರಾಂತ್ಯದ ತ್ಸುರುಒಕದಲ್ಲಿ ಬಡ ಮಕ್ಕಳಿಗಾಗಿ ಶುರುವಾಗಿ, 1954ರಲ್ಲಿ ಕಾನೂನಿನ ಬಲ ಪಡೆದ ವ್ಯವಸ್ಥೆ. ಟೀಚರೂ ಮಕ್ಕಳ ನಡುವೆ ಕೂತು ಸಾಮಾನ್ಯವಾಗಿ ಅದನ್ನೇ ಉಣ್ಣುತ್ತಾರೆ. ಎಲ್ಲರೂ ಕೈಮುಗಿದು ‘ಇತದಕಿಮಸು’ ಎಂದ ಮೇಲೇ ತುತ್ತು. ತರಗತಿಯಲ್ಲಿ ಬಾಯಿ ಬಿಡದ ಹುಡುಗ ಇಲ್ಲಿ ಹಾಲಿನ ಪ್ಯಾಕೆಟ್ ತೋರಿಸಿ ಇಂಗ್ಲಿಷಿನಲ್ಲಿ ಏನೋ ಕೇಳುತ್ತಾನೆ. ಊಟವಾದ ಮೇಲೆ ‘ಸೋಜಿ’: ಮಕ್ಕಳು, ಟೀಚರು ಎಲ್ಲರೂ ಬಟ್ಟೆ ಹಿಡಿದು ನೆಲ ಒರೆಸುವ ಹೊತ್ತು. ಅಲ್ಲಿಯೂ ಮಾತು ಸಾಗುತ್ತದೆ. ನಮ್ಮ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಸಾರು, ಪಲ್ಯ, ಹೀಗೆ ಎಷ್ಟೋ ಅಡುಗೆಗಳ ತಳದಲ್ಲಿ ‘ದಾಶಿ’ ಇರುತ್ತದೆ, ಅದು ಹೆಚ್ಚಾಗಿ ಒಣಮೀನಿನ ಹೆರಕಲಿನಿಂದ ಇಳಿಸಿದ ರಸ. ಮೊದಲ ದಿನವೇ ಹೇಳಿ ಡಬ್ಬಿ ಒಯ್ಯುವುದು ಒಳ್ಳೆಯದು.

ಸಂಜೆ ಐದರ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಕಂಬದ ಮೇಲಿನ ಧ್ವನಿವರ್ಧಕದಿಂದ ಒಂದು ಮಕ್ಕಳ ಹಾಡಿನ ರಾಗ ಕೇಳುತ್ತದೆ. ಮಕ್ಕಳು ಮನೆ ಸೇರಲಿ ಎಂಬ ಕರೆ ಅದು. ಧ್ವನಿವರ್ಧಕ ಸರಿಯಿದೆಯೇ ಎಂಬ ಪರೀಕ್ಷೆಯೂ ಹೌದು. 2011ರ ಮಾರ್ಚ್ 11ರಂದು ಕರಾವಳಿಯ ಊರುಗಳಲ್ಲಿ ಸುನಾಮಿಯ ಎಚ್ಚರಿಕೆ ಕೇಳಿಬಂದದ್ದು ಇಂಥ ಕಂಬಗಳಿಂದಲೇ. ಆ ದಿನ ಜೆಟ್‌ನ ಇಬ್ಬರು ಅಮೆರಿಕನ್ ಯುವ ಟೀಚರುಗಳು ತೀರಿಕೊಂಡರು, ಒಬ್ಬರು ರಿಕುಜೆನ್‌ತಕಾತದಲ್ಲಿ, ಇನ್ನೊಬ್ಬರು ಇಶಿನೊಮಾಕಿಯಲ್ಲಿ. ಇಶಿನೊಮಾಕಿಯ ಟೇಲರ್ ಆಂಡರ್ಸನ್‌ಗೆ ಆಗ 24 ವರ್ಷ. ಆಕೆಯ ತಂದೆತಾಯಿ ಮಗಳು ಕಲಿಸಿದ ಶಾಲೆಗಳಿಗೆ ಇಂಗ್ಲಿಷ್ ಪುಸ್ತಕಗಳನ್ನು ಕೊಟ್ಟರು. ಆ ಪುಸ್ತಕಗಳಿಗೆ ಕಪಾಟು ಮಾಡಿದ್ದು ಅದೇ ಊರಿನ ಒಬ್ಬ ಬಡಗಿ. ತನ್ನ ಮೂವರು ಮಕ್ಕಳನ್ನು ಅದೇ ಅಲೆಗೆ ಕಳೆದುಕೊಂಡವರು. ‘ಟೇಲರ್ ಬುಂಕೊ’ ಎಂಬ ಈ ಕಪಾಟುಗಳ ಬಗ್ಗೆ ಬರೆಯುವಾಗ ನನ್ನ ಕೈ ನಿಲ್ಲುತ್ತದೆ.

ಜೆಟ್ ಬಿಟ್ಟು ಬೇರೆ ದಾರಿಗಳೂ ಇವೆ, ಅಲ್ಲಿ ನೆಲ ಅಷ್ಟು ಗಟ್ಟಿಯಿಲ್ಲ. ಹಲವು ಶಿಕ್ಷಣ ಮಂಡಳಿಗಳು ಖಾಸಗಿ ಏಜೆನ್ಸಿಗಳ ಮೂಲಕ ಟೀಚರುಗಳನ್ನು ತರಿಸಿಕೊಳ್ಳುತ್ತವೆ. ಸಂಬಳ ಕಡಿಮೆ, ರಜೆಯ ತಿಂಗಳಲ್ಲಿ ಇನ್ನಷ್ಟು ಕಡಿತವಾಗುವುದೂ ಉಂಟು. ಸಂಜೆ ಸಂಭಾಷಣೆ ಕಲಿಸುವ ‘ಎಇಕೈವ’ ಶಾಲೆಗಳ ದೊಡ್ಡ ಸರಪಳಿ ನೋವಾ 2007ರ ಅಕ್ಟೋಬರ್‌ನಲ್ಲಿ ಕುಸಿದಾಗ ಸಾವಿರಾರು ವಿದೇಶಿ ಶಿಕ್ಷಕರು ಸಂಬಳವಿಲ್ಲದೆ ಬೀದಿಗೆ ಬಿದ್ದರು. ಕರಾರು ಓದದೆ ಸಹಿ ಹಾಕಬೇಡಿ.

ಜೆಟ್‌ಗೆ ಜನ ಕಳಿಸುವ ದೇಶಗಳಲ್ಲಿ ಭಾರತವೂ ಇದೆ. ಹೋಗುವವರು ಕೆಲವೇ ಜನ. ಅರ್ಜಿ ದೆಹಲಿಯ ಜಪಾನ್ ರಾಯಭಾರ ಕಚೇರಿಯ ಮೂಲಕ. ಇಂಗ್ಲಿಷ್ ಚೆನ್ನಾಗಿ ಬಲ್ಲ, ಪದವಿ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಇದರ ಕಡೆ ಗಮನ ಕೊಡಬೇಕು. ಕನ್ನಡದವರಿಗೆ ಅಲ್ಲಿ ಒಂದು ಅನುಕೂಲವೂ ಕಾದಿದೆ. ಜಪಾನಿಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ಹ್ರಸ್ವ-ದೀರ್ಘಗಳ ವ್ಯತ್ಯಾಸ ಅಲ್ಲಿಯೂ ಅರ್ಥ ಬದಲಿಸುತ್ತದೆ. ಅವರ ಅಕ್ಷರಗಳ ಕ್ರಮ ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳ ಮೂಲಕ ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲಿಗೆ ಹೋಗಿದೆ. ಹೊರಡುವ ಮೊದಲು ಆ 46 ಕತಕಾನ ಅಕ್ಷರಗಳನ್ನು ಕಲಿತುಕೊಳ್ಳಿ. ಹಾಂಕೊ ಮೇಲೆ ಕೆತ್ತಿಸುವ ನಿಮ್ಮ ಹೆಸರನ್ನು ನೀವೇ ಬರೆದುಕೊಡಬಹುದು.