‘ಯು’ವಿನ ಹಂಗಿಲ್ಲದ ‘ಕ್ಯೂ’

ಇಂಗ್ಲಿಷಿನಲ್ಲಿ ‘ಕ್ಯೂ’ ಅಕ್ಷರದ ಬೆನ್ನಿಗೆ ‘ಯು’ ಬರುವುದು ರೂಢಿ. ಇದು ಆ ಭಾಷೆಗೆ ಹುಟ್ಟಿನಿಂದ ಬಂದುದಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ‘ಕ್ವೀನ್’ ಪದದ ಮೊದಲಕ್ಷರ ‘ಸಿ’ ಆಗಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ, ಲಿಪಿಕಾರರು ಫ್ರೆಂಚ್ ಪದ್ಧತಿಯಂತೆ ‘ಕ್ಯೂ-ಯು’ ಜೋಡಿಯನ್ನು ನೆಲೆಗೊಳಿಸಿದರು.

ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ‘ಸ್ಕ್ರ್ಯಾಬಲ್’ ಆಟದಲ್ಲಿ ‘ಕ್ಯೂ’ವಿಗೆ 10 ಅಂಕ, ಎದುರಾಳಿ ಆಟ ಮುಗಿಸಿದಾಗ ಅದು ಕೈಯಲ್ಲುಳಿದರೆ ಅಷ್ಟೇ ನಷ್ಟ. ‘ಯು’ ದೊರೆಯದವರಿಗೆ ಒದಗುವುವು ಪರಭಾಷೆಯ ಕಿರುಪದಗಳು: ಪ್ರಾಣಶಕ್ತಿ ಎಂಬರ್ಥದ ಚೀನೀ ‘ಚೀ’ (ಕ್ಯೂ-ಐ), ಜಗಿಯುವ ಎಲೆಯನ್ನು ಹೆಸರಿಸುವ ಅರಬ್ಬೀ ‘ಕಾತ್’ (ಕ್ಯೂ-ಎ-ಟಿ), ಹೀಬ್ರೂ ಅಕ್ಷರನಾಮವಾದ ‘ಕೋಫ್’ (ಕ್ಯೂ-ಒ-ಪಿ-ಎಚ್). ಗೆದ್ದವರು ಬಿಗಿದ ಕಟ್ಟನ್ನು ಅತಿಥಿಗಳಾಗಿ ಬಂದ ಪದಗಳು ಸಡಿಲಿಸಿದುವು. ಅನ್ಯಪದಗಳನ್ನು ಆದರಿಸಿದ ಭಾಷೆ ಬಡವಾಗದೆಂಬುದಕ್ಕೆ ಇವೇ ಸಾಕ್ಷಿ.